ಅಮ್ಮ ಪೂಜೆಗೆ ಕೂತಿದ್ದಾಳೆ ಅಂದಿದ್ದೆ

ನನ್ನ ತಂಗಿಯ ಮಗಳನ್ನು ಹೊಗಳಿದವರನ್ನೆಲ್ಲ ಒಂದು ತರಕಾರಿ ಲಾರಿಗೆ ತುಂಬಿ ಗಡಿ ದಾಟಿಸಿಬಿಡಬೇಕು ಎಂದು ನನಗೆ ಅನ್ನಿಸುತ್ತಿದ್ದ ಕಾಲವೊಂದಿತ್ತು. ಅವಳಿಗೆ ಏಳು ವರ್ಷ. ತಾಯಿ ಸತ್ತು ಎರಡು ತಿಂಗಳಾಗಿತ್ತು. ಗುಂಡ್ಲುಪೇಟೆಯ ಆ ಮನೆಗೆ ಯಾರೇ ಬರಲಿ, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಮಗುವಿನ ಕೆನ್ನೆ ಸವರಿ ಒಂದೇ ಮಾತು ಹೇಳಿ ಎದ್ದು ಹೋಗುತ್ತಿದ್ದರು.

"ಎಂಥ ಮಗ ಕಣವ್ವ. ಒಂದು ಸದ್ದಿಲ್ಲ, ಒಂದು ಹಟ ಇಲ್ಲ. ದೇವ್ರಂಥ ಮಗ."

ಸದ್ದಿಲ್ಲ ಅನ್ನುವುದೇ ನನ್ನ ತಲೆನೋವಾಗಿತ್ತು. ಈ ಹುಡುಗಿ ಹುಟ್ಟುವಾಗ ಮೊದಲು ಬಾಯಿ ಬಂತು, ಆಮೇಲೆ ಮಿಕ್ಕಿದ್ದು ಬಂತು ಎಂದು ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಬಸ್ಸಿನಲ್ಲಿ ಕೂರಿಸಿದರೆ ಕಂಡಕ್ಟರಿನಿಂದ ಹಿಡಿದು ಪಕ್ಕದವರ ಚೀಲದೊಳಗಿನ ಕೋಳಿಯವರೆಗೆ ಎಲ್ಲರನ್ನೂ ಮಾತಾಡಿಸುವಳು. ಅಂಥವಳು ಎರಡು ತಿಂಗಳಿಂದ ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ. ಬೇಕೇ ಬೇಕೆಂದರೆ ಕಿವಿಯ ಹತ್ತಿರ ಬಂದು ಪಿಸುಗುಟ್ಟುವಳು, ಅದೂ ಒಂದೋ ಎರಡೋ ಮಾತು. ನೀರು ಬೇಕು, ನಿದ್ದೆ ಬಂತು, ಅಷ್ಟೇ. ಇದನ್ನು ನೋಡಿ ಒಳ್ಳೆಯ ಮಗು ಅನ್ನುವವರಿಗೆ ಏನು ಹೇಳುವುದು? ಕರೆಂಟು ಹೋದ ಮನೆಯಲ್ಲಿ ನಿಂತು ಬಿಲ್ಲು ಕಮ್ಮಿ ಬಂತು ಎಂದು ಖುಷಿಪಟ್ಟ ಹಾಗೆ.

ಈ ಹೋಲಿಕೆ ನನ್ನ ಕಸುಬಿನಿಂದ ಬಂದದ್ದು. ನಾನು ಚಾಮರಾಜನಗರದಲ್ಲಿ ಲೈನ್‌ಮನ್. ಇಪ್ಪತ್ತನಾಲ್ಕು ವರ್ಷ ಕಂಬ ಹತ್ತಿದ್ದೇನೆ. ಕೋಪಿಷ್ಠ ಎಂದು ಹೆಸರು ಬಿದ್ದಿದೆ. ನಿಮ್ಮ ಸಿಟ್ಟಿಗೆ ಫ್ಯೂಸೇ ಹಾಕಿಲ್ಲ ಎಂದು ನನ್ನ ಹೆಂಡತಿ ನೆಂಟರ ಮುಂದೆಯೇ ಹೇಳುತ್ತಾಳೆ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಸೈಕಲ್ ಕಲಿಸಿದ್ದು ನಾನು, ಗುಂಡ್ಲುಪೇಟೆಗೆ ಕೊಟ್ಟು ಮದುವೆ ಮಾಡಿದ್ದೂ ನಾನು. ಗಂಡನದು ಕೇರಳಕ್ಕೆ ತರಕಾರಿ ಕಳಿಸುವ ಮಂಡಿ. ಒಳ್ಳೆಯವನು, ಮಾತು ಕಡಿಮೆ. ಊರ ಹೊರಗೆ ಮೂರು ಎಕರೆ ಹೊಲವೂ ಇದೆ. ಮನೆಯಲ್ಲಿ ಅವನ ತಾಯಿ ಇದ್ದಾರೆ. ಇದೇ ವರ್ಷದ ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ ತಂಗಿ ಬಟ್ಟೆ ಒಣಹಾಕುತ್ತಾ ತಂತಿಯ ಕೆಳಗೇ ಕುಸಿದಳು. ಮೈಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ತಲೆಯೊಳಗೆ ನರ ಒಡೆದಿದೆ ಅಂದರು. ಮೂವತ್ತೇಳು ವರ್ಷ.

ಮುಂದಿನದನ್ನು ಹೇಳುವ ಮೊದಲು ಅವಳ ಪೂಜೆಯ ವಿಷಯ ಹೇಳಬೇಕು. ನಮ್ಮದು ಕೊರಳಿಗೆ ಲಿಂಗ ಕಟ್ಟಿಕೊಂಡವರ ಮನೆತನ. ನಾನು ಕಟ್ಟಿಕೊಂಡಿದ್ದೇನೆ ಅಷ್ಟೇ. ತಂಗಿ ನಡೆಸಿಕೊಂಡು ಬಂದವಳು. ದಿನಾ ಬೆಳಗ್ಗೆ ಸ್ನಾನ ಮಾಡಿ, ಮಣೆಯ ಮೇಲೆ ಕಾಲು ಮಡಚಿ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಇಪ್ಪತ್ತು ನಿಮಿಷ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಮಿಕ್ಸಿ ಹಾಕುವಂತಿಲ್ಲ, ಪಾತ್ರೆ ಕುಕ್ಕುವಂತಿಲ್ಲ. ಮಗಳಿಗೆ ಈ ಇಪ್ಪತ್ತು ನಿಮಿಷವೇ ದಿನದ ದೊಡ್ಡ ಕಷ್ಟ. ಎದುರಿಗೆ ಕೂತು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕಾಯುವಳು. ಪೂಜೆ ಮುಗಿದ ಮೇಲೆ ಅಮ್ಮ ಕಣ್ಣು ಬಿಟ್ಟು, ಮೂರು ಬೆರಳಲ್ಲಿ ವಿಭೂತಿ ತೆಗೆದು ಮಗಳ ಹಣೆಗೆ ಎಳೆಯುವಳು. ಅದು ಆದ ಮರುಗಳಿಗೆಯೇ ಕೆರೆ ಕೋಡಿ ಬೀಳುವುದು. ಕನಸಲ್ಲಿ ಏನು ಬಂತು, ಬೆಕ್ಕು ಎಲ್ಲಿ ಮರಿ ಹಾಕಿತು, ಎಲ್ಲ ಒಂದೇ ಉಸಿರಿಗೆ ಬರುವುದು. ನಾನೇ ಎಷ್ಟೋ ಸಲ ನೋಡಿ ನಕ್ಕಿದ್ದೇನೆ.

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕೂರಿಸುತ್ತೇವೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಕಾಲು ಮಡಚಿ, ಎಡಗೈಯಲ್ಲಿ ಅವರದೇ ಲಿಂಗ ಇಟ್ಟು, ಪೂಜೆಗೆ ಕೂತ ಹಾಗೆಯೇ ಕೂರಿಸುತ್ತೇವೆ. ತಂಗಿಯನ್ನು ಅವರ ಹೊಲದ ಬದುವಿನಲ್ಲಿ ಹಾಗೆ ಕೂರಿಸುವಾಗ ಮಗು ನನ್ನ ಸೊಂಟದ ಮೇಲಿತ್ತು. ಸುತ್ತ ಹೆಂಗಸರು ಎದೆ ಎದೆ ಬಡಿದುಕೊಳ್ಳುತ್ತಿದ್ದರು. ಮಗು ನನ್ನ ಕಿವಿಗೆ ಬಾಯಿಟ್ಟು ಕೇಳಿತು.

"ಮಾವ, ಅಮ್ಮ ಯಾಕ್ ಅಂಗೆ ಕೂತವ್ಳೆ?"

"ಪೂಜೆಗೆ ಕೂತವ್ಳೆ ಕಣವ್ವ. ಸದ್ದು ಮಾಡಬಾರ್ದು" ಅಂದೆ.

ಅದು ತಲೆಯಾಡಿಸಿತು. ಮಣ್ಣು ಹಾಕುವ ಮೊದಲೇ ಎತ್ತಿಕೊಂಡು ರಸ್ತೆಯ ಕಡೆ ಬಂದುಬಿಟ್ಟೆ. ಆಗ ನನಗೆ ಸಮಯಕ್ಕೆ ಸರಿಯಾದ ಮಾತು ಹೊಳೆಯಿತಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಮಾತನ್ನು ಮರೆತೂಬಿಟ್ಟೆ.

ಹನ್ನೊಂದನೆಯ ದಿನ ಕಳೆಯಿತು. ನೆಂಟರು ಚದುರಿದರು. ಪ್ರತಿ ಭಾನುವಾರ ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಹೋದಾಗಲೆಲ್ಲ ಮನೆ ಇನ್ನಷ್ಟು ಸುಮ್ಮನಾಗಿರುತ್ತಿತ್ತು. ಟಿ.ವಿ. ಹಾಕಿದರೆ ಈ ಹುಡುಗಿ ಹೋಗಿ ಸೌಂಡು ತೆಗೆದುಬಿಡುವಳು. ಅಜ್ಜಿ ಬರಿಯ ಬೊಂಬೆ ನೋಡುತ್ತಾ ಕೂರುವರು. ಇವಳು ಊಟದ ತಟ್ಟೆಯ ಕೆಳಗೆ ಒಂದು ಟವೆಲ್ಲು ಮಡಚಿ ಇಡುವಳು. ಬಾಗಿಲು ಹಾಕುವಾಗ ಬೆರಳು ಕೊಟ್ಟು ಮೆಲ್ಲಗೆ ಹಾಕುವಳು. ಇದೆಲ್ಲ ಕಣ್ಣೆದುರೇ ನಡೆಯುತ್ತಿತ್ತು. ಲೈನಿನಲ್ಲಿ ಎಲ್ಲಿ ಫಾಲ್ಟ್ ಇದೆ ಎಂದು ನಾಲ್ಕು ಕಂಬ ದೂರದಿಂದ ಹೇಳುವ ನನಗೆ ಮನೆಯೊಳಗಿನ ಫಾಲ್ಟ್ ಕಾಣಲಿಲ್ಲ.

ಮಾಡದ ಚಿಕಿತ್ಸೆ ಇಲ್ಲ. ಗಾಳಿ ಸೋಕಿದೆ ಎಂದು ಅಜ್ಜಿ ತಾಯಿತ ಕಟ್ಟಿಸಿದರು. ನಾನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಟಾರ್ಚು ಬಿಟ್ಟು ನೋಡಿ, ಗಂಟಲು ಚೆನ್ನಾಗಿದೆ, ಮನಸ್ಸಿನಲ್ಲಿ ಏನಿದೆಯೋ ಕೇಳಿ ನೋಡಿ ಅಂದರು. ಮಾತಾಡದವರನ್ನು ಕೇಳುವುದು ಹೇಗೆ? ಸ್ಕೂಲಿನ ಮೇಡಂ, ಎರಡನೇ ಕ್ಲಾಸಿನಲ್ಲಿ ಇಷ್ಟು ಶಿಸ್ತಿನ ಮಗುವನ್ನೇ ನೋಡಿಲ್ಲ ಅಂದರು. ತಂಗಿಯ ಗಂಡನಂತೂ ಬೆಳಕು ಹರಿಯುವ ಮುಂಚೆ ಮಂಡಿಗೆ ಹೋದರೆ ಮಗಳು ಮಲಗಿದ ಮೇಲೇ ಬರುತ್ತಿದ್ದ. ಅವನ ಮುಂದೆ ಮಾತು ತೆಗೆದರೆ ಟೊಮೆಟೊ ಲೋಡಿನ ವಿಷಯಕ್ಕೆ ಹೊರಳಿಸುವನು. ಒಂದು ಭಾನುವಾರ ನನ್ನ ತಾಳ್ಮೆ ಹೋಯಿತು. ಮಗುವಿನ ಎರಡೂ ತೋಳು ಹಿಡಿದು ಕಿರುಚಿದೆ.

"ಮಾತಾಡು. ಬಾಯಿಲ್ವಾ ನಿಂಗೆ? ಏನಾಗಿದೆ ಹೇಳು."

ಅವಳು ಹೆದರಲಿಲ್ಲ. ತನ್ನ ಬೆರಳು ತಂದು ನನ್ನ ತುಟಿಯ ಮೇಲೆ ಇಟ್ಟಳು. ನಾನು ಅದನ್ನು ಪ್ರೀತಿ ಅಂದುಕೊಂಡು ಅಪ್ಪಿಕೊಂಡು ಅತ್ತೆ. ಎಂಥ ದಡ್ಡ ನಾನು.

ಮಳೆಗಾಲದಲ್ಲಿ ಗುಂಡ್ಲುಪೇಟೆಯ ಸುತ್ತ ಚೆಂಡು ಹೂವು. ಅವರ ಹೊಲದಲ್ಲೂ ಹಾಕಿದ್ದರು. ಹೂ ಬಿಡಿಸುವ ಸಮಯ. ಒಂದು ಭಾನುವಾರ ನಾನೂ ಮಗುವೂ ಹೊಲಕ್ಕೆ ಹೋದೆವು. ಬದುವಿನಲ್ಲಿ ತಂಗಿಯ ಗದ್ದುಗೆ. ಇನ್ನೂ ಕಲ್ಲು ಕಟ್ಟಿರಲಿಲ್ಲ, ಬರೀ ಮಣ್ಣಿನ ದಿಬ್ಬ, ಮೇಲೊಂದು ಬಿಲ್ವದ ಸಸಿ. ರಸ್ತೆಗೆ ಹತ್ತಿರ. ಈ ಹೂವಿನ ಕಾಲದಲ್ಲಿ ಕೇರಳದಿಂದ ಊಟಿ, ಮೈಸೂರು ಎಂದು ಹೊರಟ ಕಾರುಗಳೆಲ್ಲ ಅಲ್ಲಿ ನಿಲ್ಲುತ್ತವೆ. ಹೊಲಕ್ಕೆ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದೂ ಇಲ್ಲ.

ಅವತ್ತು ಒಂದು ಕಾರಿನಿಂದ ಆರೇಳು ಜನ ಇಳಿದರು. ಕಾರಿನ ಬಾಗಿಲು ತೆಗೆದಿಟ್ಟು ಜೋರಾಗಿ ಹಾಡು ಹಾಕಿದರು. ಒಬ್ಬ ಹುಡುಗಿ ಆ ದಿಬ್ಬದ ಪಕ್ಕವೇ ನಿಂತು ಕೈ ಚಾಚಿ ನಗುತ್ತಿದ್ದಳು. ಪಾಪ, ಅವಳಿಗೇನು ಗೊತ್ತು. ಆದರೂ ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ಮಗು ಹೂವಿನ ಸಾಲು ಹಾರಿಕೊಂಡು ಓಡಿತು. ಅವರ ನಡುವೆ ನಿಂತು ಒಬ್ಬೊಬ್ಬರ ಮುಖ ನೋಡಿ ತುಟಿಯ ಮೇಲೆ ಬೆರಳಿಟ್ಟು, ಶ್, ಶ್ ಎಂದಿತು. ಕಾರಿನ ಕಡೆ ಕೈ ತೋರಿಸಿತು.

"ಎಂದಾ ಮೋಳೆ?" ಏನು ಮಗಳೇ ಎಂದು ಮಲಯಾಳದಲ್ಲಿ ಕೇಳಿದಳು ಒಬ್ಬಾಕೆ ಬಗ್ಗಿ.

ಮಗು ಮಣ್ಣಿನ ದಿಬ್ಬ ತೋರಿಸಿ, ಕೈ ಮುಗಿದು ಕಣ್ಣು ಮುಚ್ಚಿ ತೋರಿಸಿತು. ಅವರಿಗೆ ಇದು ದೇವರ ಜಾಗ ಅನ್ನಿಸಿರಬೇಕು. ಹಾಡು ನಿಲ್ಲಿಸಿ, ಆ ಹೆಂಗಸು ದಿಬ್ಬಕ್ಕೆ ಕೈ ಮುಗಿದು, ಎಲ್ಲರನ್ನೂ ಹೊರಡಿಸಿಕೊಂಡು ಹೋದಳು. ಕಾರು ಮರೆಯಾದ ಮೇಲೆ ಮಗು ನನ್ನ ಹತ್ತಿರ ಬಂದು ಅಂಗಿ ಎಳೆದು ಕೂರಿಸಿಕೊಂಡಿತು. ಕಿವಿಗೆ ಬಾಯಿಟ್ಟಿತು.

"ಮಾವ, ಇಷ್ಟೊತ್ತು ಕೂತ್ರೆ ಅಮ್ಮನ ಕಾಲು ಜೋಮು ಇಡಿಯಲ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಮ್ಮ ಕೂತವ್ಳೆ ಅಂತ ಯಾರು ಹೇಳಿದ್ದವ್ವ?"

"ನೀನೇ."

ಮೂರು ತಿಂಗಳಿಂದ ಆ ಮಗು ಅಮ್ಮನ ಪೂಜೆ ಕೆಡದಿರಲಿ ಎಂದು ಬಾಯಿ ಮುಚ್ಚಿಕೊಂಡು ಕಾಯುತ್ತಿತ್ತು. ಹಣೆಗೆ ವಿಭೂತಿ ಬೀಳುವವರೆಗೆ. ತಾಯಿತ ಕಟ್ಟಿದವರು, ಗಂಟಲಿಗೆ ಟಾರ್ಚು ಬಿಡಿಸಿದವರು, ಒಳ್ಳೆಯ ಮಗು ಅಂದವರು, ಯಾರದೂ ತಪ್ಪಲ್ಲ. ಬೀಗ ಹಾಕಿದವನು ನಾನು.

ಅವತ್ತೇ ಮನೆಯಲ್ಲಿ ವಿಷಯ ಬಿಚ್ಚಿದೆ. ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟರು. ಮಗುವಿಗೆ ನಿಜ ಹೇಳಿಬಿಡೋಣ ಅಂದದ್ದಕ್ಕೆ ಮಾತ್ರ ತಟ್ಟನೆ ತಿರುಗಿದರು.

"ಅಂಗೆಲ್ಲ ಅನ್ನಬ್ಯಾಡ ಕಣಪ್ಪ. ಸತ್ತೋದ್ಲು ಅಂತ ಅಷ್ಟು ಸಣ್ ಮಗೀಗೆ ಯಾರಾದ್ರೂ ಹೇಳ್ತಾರಾ? ಬೆಳೀತಾ ಬೆಳೀತಾ ತಾನೇ ತಿಳ್ಕತದೆ ಬುಡು."

"ಅಲ್ಲಿಗಂಟ ಅದು ಮೂಗಿಯಾಗೇ ಇರ್ಬೇಕಾ?" ಅಂದೆ.

ತಂಗಿಯ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಬೀದಿಯ ಕೊನೆಯಲ್ಲಿ ನಮ್ಮ ಮನೆಗಳ ಕಾರ್ಯಕ್ಕೆ ಬರುವ ಅಯ್ನೋರಿದ್ದಾರೆ, ವಯಸ್ಸಾದವರು, ತಂಗಿಯನ್ನು ಕೂರಿಸಿ ಮಂತ್ರ ಹೇಳಿದವರು ಅವರೇ. ಅಜ್ಜಿ ಅವರನ್ನು ಕರೆಸಿದರು. ಅವರು ಎಲ್ಲ ಕೇಳಿ, ನಶ್ಯ ಏರಿಸಿ, ಸುಲಭವಾದ ದಾರಿ ಹೇಳಿಬಿಟ್ಟರು.

"ಪೂಜೆ ಮುಗೀತು ಅಂತ ಹೇಳಪ್ಪ. ಅಷ್ಟೇ ತಾನೇ? ಮಗ ತಾನಾಗೇ ಬಾಯಿ ಬುಡ್ತದೆ."

ನನಗೂ ಅದು ಸರಿ ಅನ್ನಿಸಿತು. ಕಷ್ಟದ ಕೆಲಸ ತಪ್ಪುತ್ತದೆ ಅಂದರೆ ಯಾರಿಗೆ ಸರಿ ಅನ್ನಿಸುವುದಿಲ್ಲ? ಮುಂದಿನ ಭಾನುವಾರ ಮಗುವನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದೆ.

"ಅಮ್ಮನ ಪೂಜೆ ಮುಗೀತು ಕಣವ್ವ. ಇನ್ ನೀನು ಮಾತಾಡ್ಬೋದು."

ಅದರ ಮುಖ ನೋಡಬೇಕಿತ್ತು. ಮಾತಾಡಲಿಲ್ಲ, ಒಳಗೆ ಓಡಿತು. ಮುಖ ತೊಳೆದುಕೊಂಡು, ಕೂದಲನ್ನು ನೀರು ಹಾಕಿ ಹಿಂದಕ್ಕೆ ಒತ್ತಿಕೊಂಡು, ದೇವರ ಗೂಡಿನಿಂದ ವಿಭೂತಿ ಗಟ್ಟಿಯ ಬಟ್ಟಲು ತಂದು ಮುಂದಿಟ್ಟುಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತಿತು. ಗೇಟಿನ ಕಡೆ ಹಣೆ ಎತ್ತಿಕೊಂಡು ಕೂತಿತು.

ಒಂದು ಗಂಟೆ ಆಯಿತು. ಅಜ್ಜಿ ಅಡಿಗೆ ಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡರು. ಮಂಡಿಯಿಂದ ಬೈಕಿನಲ್ಲಿ ಬಂದ ಅಪ್ಪ ಗೇಟಿನ ಹೊರಗೇ ನಿಂತು ಮಗಳ ಹಣೆ, ಮುಂದಿನ ಬಟ್ಟಲು ನೋಡಿ, ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ನನಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಎರಡು ಬಾರಿಸಬೇಕು ಅನ್ನಿಸಿತು. ಅಯ್ನೋರ ನಶ್ಯದ ಡಬ್ಬಿ ಕಿತ್ತು ಮೋರಿಗೆ ಎಸೆಯಬೇಕು ಅನ್ನಿಸಿತು. ಮಾಡಿದ್ದು ಮಾತ್ರ ಏನೂ ಇಲ್ಲ, ಕಂಬದ ಹಾಗೆ ಕೂತಿದ್ದೆ. ಇನ್ನೊಂದು ಗಂಟೆಯಾದ ಮೇಲೆ ಮಗು ಎದ್ದು ಬಟ್ಟಲನ್ನು ಗೂಡಿನಲ್ಲಿಟ್ಟು ಬಂದಿತು. ನನ್ನ ಕಿವಿಯ ಹತ್ತಿರ ಬಂದು, ನನ್ನನ್ನೇ ಸಮಾಧಾನ ಮಾಡುವ ಹಾಗೆ ಪಿಸುಗುಟ್ಟಿತು.

"ಇನ್ನೂ ಮುಗ್ದಿಲ್ಲ ಮಾವ. ನೀನು ಸರ್ಯಾಗಿ ನೋಡಿಲ್ಲ."

ಆ ವಾರ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಹೆಂಡತಿ ಮಾಡಿದ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದೆ, ಉಪ್ಪಿತ್ತು. ಗುರುವಾರ ಸಂತೆಮರಹಳ್ಳಿ ಕಡೆ ಒಂದು ಲೈನಿನ ಕೆಲಸ ಬಂತು. ಕಂಬ ಹತ್ತುವ ಮೊದಲು ನಾವು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಎಲ್.ಸಿ. ತೆಗೆದುಕೊಳ್ಳಬೇಕು. ಅಂದರೆ ಆ ಲೈನು ಆಫ್ ಮಾಡಿ ಎಂದು ಹೆಸರು ಹೇಳಿ ಬರೆಸಬೇಕು. ಕೆಲಸ ಮುಗಿದ ಮೇಲೆ ಯಾರು ತೆಗೆದುಕೊಂಡಿದ್ದರೋ ಅವರೇ ಫೋನು ಮಾಡಿ ವಾಪಸ್ ಕೊಡಬೇಕು. ಬೇರೆ ಯಾರು ಹೇಳಿದರೂ ಕರೆಂಟು ಬಿಡುವುದಿಲ್ಲ. ಜೀವದ ಪ್ರಶ್ನೆ. ಅವತ್ತು ಎಲ್.ಸಿ. ತೆಗೆದುಕೊಂಡಿದ್ದವನು ನನ್ನ ಜೊತೆಯವನು. ಕೆಲಸ ಮುಗಿದಾಗ ಸಾಮಾನು ತರಲೆಂದು ಹೋಗಿದ್ದ, ಅವನ ಫೋನು ಸ್ವಿಚ್ ಆಫ್. ನಾನು ಸ್ಟೇಷನ್ನಿಗೆ ಮಾಡಿದೆ.

"ಕೆಲ್ಸ ಮುಗೀತು ಸಾರ್, ನಾನೇ ಹೇಳ್ತಿದೀನಲ್ಲ."

"ನಿಮ್ ಹೆಸ್ರಲ್ಲಿಲ್ಲ. ತಗಂಡೋರೇ ವಾಪಸ್ ಕೊಡ್ಬೇಕು" ಅಂದರು ಆ ಕಡೆಯಿಂದ.

ಊರಿನವರು ಮನೆ ಮುಂದೆ ನಿಂತು ನಮ್ಮನ್ನು ಬೈಯುತ್ತಿದ್ದರು. ನಾನು ಆ ಜೊತೆಯವನನ್ನು ಬೈಯುತ್ತಾ ಮುಕ್ಕಾಲು ಗಂಟೆ ಕಂಬದ ಕೆಳಗೆ ನಿಂತಿದ್ದೆ. ಮಾತು ಕೊಟ್ಟವನು ಬಂದು ವಾಪಸ್ ತೆಗೆದುಕೊಳ್ಳದೆ ಎಲ್ಲಿ ಹಾಳಾಗಿ ಹೋದ ಎಂದು ಗೊಣಗುತ್ತಿದ್ದಾಗ ನನ್ನ ಬಾಯಿ ತಾನಾಗಿ ನಿಂತಿತು. ನಾನು ಯಾರನ್ನು ಬೈಯುತ್ತಿದ್ದೆ ಎಂದು ನನಗೇ ಗೊತ್ತಾಯಿತು.

ಭಾನುವಾರ ತಂಗಿಯ ಗಂಡನನ್ನು ಮಂಡಿಯಲ್ಲೇ ಹೋಗಿ ಹಿಡಿದೆ.

"ಇವತ್ತು ಮಗೀಗೆ ಹೇಳ್ತೀನಿ. ನೀನೂ ಬಾ."

"ನನ್ ಕೈಲಾಗಲ್ಲ ಬಾವ."

"ನನ್ ಕೈಲೂ ಆಗಲ್ಲ ಕಣಪ್ಪ. ಬಾ."

ಅವನು ಹೊಲದವರೆಗೆ ಬಂದ. ಬೋರ್‌ವೆಲ್ ಶೆಡ್ಡಿನ ಹತ್ತಿರ ನಿಂತುಕೊಂಡ, ಮುಂದೆ ಬರಲಿಲ್ಲ. ನಾನು ಮಗುವನ್ನು ದಿಬ್ಬದ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿ, ಪಿಸುಗುಟ್ಟದೆ, ನನ್ನ ಮಾಮೂಲಿ ಗಂಟಲಿನಲ್ಲೇ ಮಾತಾಡಿದೆ. ಅದು ಬೆರಳು ತಂದು ನನ್ನ ತುಟಿಗಿಡಲು ನೋಡಿತು. ಕೈ ಹಿಡಿದುಕೊಂಡೆ.

"ಅವತ್ತು ನಾನು ಹೇಳಿದ್ದು ಸುಳ್ಳು ಕಣವ್ವ. ಅಮ್ಮ ಪೂಜೆಗೆ ಕೂತಿರ್ಲಿಲ್ಲ. ಅಮ್ಮ ಸತ್ತೋದ್ಲು. ಸತ್ತೋದೋರ್ನ ನಮ್ಮೋರು ಅಂಗೆ ಕೂರಿಸ್ತಾರೆ, ಅಷ್ಟೇ. ಅವ್ಳಿಗೆ ಕಾಲು ಜೋಮು ಇಡಿಯಲ್ಲ. ಅಸಿವಾಗಲ್ಲ. ಸದ್ದು ಕೇಳಲ್ಲ. ನೀನು ಕೂಗಾಡಿದ್ರೂ ಅವ್ಳಿಗೇನೂ ಆಗಲ್ಲ. ಸುಮ್ನಿದ್ರೂ ಅವ್ಳು ಎದ್ದು ಬರಲ್ಲ."

ಮಗು ದಿಬ್ಬವನ್ನು ನೋಡಿತು. ನನ್ನನ್ನು ನೋಡಿತು. ಆಮೇಲೆ ಕೇಳಿದ ಮಾತು ನಾನು ಎಣಿಸಿರದ ಮಾತು.

"ನಾನು ಕೂಗಿದ್ಕಾ?"

ಆ ಬೆಳಗ್ಗೆ, ತಂಗಿ ಪೂಜೆಗೆ ಕೂತಿದ್ದಾಗ, ಬೆಕ್ಕಿನ ಮರಿ ತೊಟ್ಟಿಗೆ ಬಿತ್ತು ಎಂದು ಇವಳು ಕಿರುಚಿದ್ದಳಂತೆ. ಅಮ್ಮ ಕಣ್ಣು ಬಿಟ್ಟು ಒಮ್ಮೆ ಗದರಿದ್ದಳಂತೆ. ಅವತ್ತು ವಿಭೂತಿ ಹಚ್ಚದೆಯೇ ಬಟ್ಟೆ ಒಣಹಾಕಲು ಹೋದಳಂತೆ. ಇಷ್ಟನ್ನೂ ಅವಳು ತುಂಡು ತುಂಡಾಗಿ ಪಿಸುಗುಟ್ಟಿದಳು. ಈ ಮಾತನ್ನು ಮೂರು ತಿಂಗಳು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಒಳ್ಳೆಯ ಮಗು, ಒಳ್ಳೆಯ ಮಗು ಎಂದು ನಾವು ತಲೆ ಸವರುತ್ತಿದ್ದೆವು.

"ಅಲ್ಲ ಕಣವ್ವ. ತಲೆ ಒಳಗೊಂದು ನರ ಒಡೆದೋಯ್ತು. ಡಾಕ್ಟ್ರು ನೋಡಿ ಹೇಳಿದ್ರು. ಯಾರು ಕೂಗಿದ್ರೂ ನರ ಒಡಿಯಲ್ಲ. ನಾನು ದಿನಾ ಕೂಗಾಡ್ತೀನಿ, ಯಾರ್ದಾದ್ರೂ ಒಡೆದದಾ?"

"ಪೂಜೆ ಅಂದೆ ನೀನು."

"ಸುಳ್ಳು ಹೇಳ್ದೆ."

"ಮುಗೀತು ಅಂದೆ."

"ಅದೂ ಸುಳ್ಳೇ."

ಅವಳು ನನ್ನ ಕೈ ಕಚ್ಚಿದಳು. ಗುರುತು ವಾರಗಟ್ಟಲೆ ಇತ್ತು. ಆಮೇಲೆ ಎದ್ದು ನಿಂತು ಕಿರುಚಿದಳು. ಸುಳ್ಳ, ಸುಳ್ಳ ಎಂದು ನನ್ನ ಮುಖಕ್ಕೇ ಕಿರುಚಿದಳು. ಅಮ್ಮಾ ಎಂದು ದಿಬ್ಬದ ಕಡೆ ತಿರುಗಿ ಕಿರುಚಿದಳು. ಹೂ ಬಿಡಿಸುತ್ತಿದ್ದ ಹೆಂಗಸರೆಲ್ಲ ಸಾಲಿನಿಂದ ಎದ್ದು ನಿಂತರು. ಶೆಡ್ಡಿನ ಹತ್ತಿರ ನಿಂತಿದ್ದ ಅಪ್ಪ ಹೂವು ತುಳಿದುಕೊಂಡು ಓಡಿಬಂದ. ಅವನು ಮಗಳನ್ನು ಎತ್ತಿಕೊಂಡು, ಹೆಂಡತಿ ಸತ್ತ ಮೇಲೆ ಮೊದಲನೆಯ ಸಲ, ಬಾಯಿ ಬಿಟ್ಟು ಅತ್ತ.

ನಿಜ ಹೇಳಿದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ನನ್ನ ಮೂರನೆಯ ಸುಳ್ಳಾಗುತ್ತದೆ. ಮಗುವಿಗೆ ಜ್ವರ ಬಂತು. ಹಾಸಿಗೆ ಒದ್ದೆ ಮಾಡಿಕೊಂಡಿತು. ಅಪ್ಪ ಮಂಡಿಗೆ ಹೊರಟರೆ ಅಂಗಿ ಹಿಡಿದು ಅಳುತ್ತಿತ್ತು. ಸ್ಕೂಲಿನಲ್ಲಿ ಯಾರನ್ನೋ ಹೊಡೆಯಿತು. ಮೇಡಂ ಫೋನು ಮಾಡಿ, ಏನಾಯಿತು ಇದ್ದಕ್ಕಿದ್ದಂತೆ, ಎಷ್ಟು ಚೆನ್ನಾಗಿತ್ತು ಅಂದರು. ಹೊಗಳುತ್ತಿದ್ದ ನೆಂಟರೆಲ್ಲ ಈಗ ನನ್ನ ಕಡೆ ತಿರುಗಿದರು.

"ತೆಪ್ಪಗಿದ್ದ ಮಗೀನ ಕೆಡಿಸ್ಬುಟ್ಟ ನೋಡು ಆ ಲೈನ್‌ಮನ್ನು" ಎಂದು ಮದುವೆ ಮನೆಯೊಂದರಲ್ಲಿ ನನಗೆ ಕೇಳುವ ಹಾಗೆಯೇ ಅಂದರು.

ಉತ್ತರ ಕೊಡಲು ಹೊರಟ ನನ್ನನ್ನು ಹೆಂಡತಿ ತೋಳು ಹಿಡಿದು ಪಂಕ್ತಿಗೆ ಕೂರಿಸಿದಳು. ಅವರು ಹೇಳುವುದರಲ್ಲಿ ಸತ್ಯ ಇದ್ದರೆ ಎಂಬ ಹೆದರಿಕೆ ನನಗೂ ಇತ್ತು.

ಮಗುವಿನ ಪ್ರಶ್ನೆಗಳಂತೂ ನನ್ನನ್ನು ಹಿಂಡಿದವು. ಅಪ್ಪ ಸತ್ತರೆ? ಅಜ್ಜಿ ಸತ್ತರೆ? ನೀನು? ಯಾರೂ ಸಾಯಲ್ಲ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಕಂಬ ಹತ್ತುವವನು ಯಾವ ಬಾಯಲ್ಲಿ ಆ ಮಾತು ಹೇಳುವುದು? ನಾನು ಕೊಡಬಹುದಾದದ್ದು ಒಂದೇ ಇತ್ತು.

"ನಂಗೊತ್ತಿಲ್ಲ ಕಣವ್ವ. ಆದ್ರೆ ಪ್ರತಿ ಭಾನುವಾರ ಅತ್ತು ಗಂಟೆ ಬಸ್ಸಲ್ಲಿ ಬತ್ತೀನಿ. ಬರಕಾಗ್ನಿಲ್ಲ ಅಂದ್ರೆ ಮುಂಚೇನೇ ಫೋನ್ ಮಾಡಿ ಹೇಳ್ತೀನಿ. ಹೇಳ್ದೆ ತಪ್ಸಲ್ಲ."

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಭಾನುವಾರಗಳಲ್ಲಿ ಬಾಗಿಲ ಹತ್ತಿರ ಗಡಿಯಾರ ನೋಡುತ್ತಾ ನಿಂತಿರುವಳು. ನಾನು ಬಂದರೆ ಓಡಿ ಬರುತ್ತಿರಲಿಲ್ಲ, ನೋಡಿಕೊಂಡು ಒಳಗೆ ಹೋಗುವಳು. ಅಷ್ಟೇ ಸ್ವಾಗತ. ಅಪ್ಪನೂ ಒಂದು ಕೆಲಸ ಹಿಡಿದುಕೊಂಡ. ಮಂಡಿಗೆ ಅರ್ಧ ಗಂಟೆ ತಡವಾಗಿ ಹೋಗಲು ಶುರು ಮಾಡಿದ. ಅವಳನ್ನು ಎಬ್ಬಿಸಿ, ಮುಖ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಎಷ್ಟೊತ್ತಿಗೆ ಬರುತ್ತೇನೆ ಎಂದು ಹೇಳಿ ಹೋಗುತ್ತಾನೆ. ಬೆರಳು ದಪ್ಪ, ಮೂರು ಗೆರೆ ಹೋಗಿ ಒಂದೇ ಪಟ್ಟೆ ಆಗುತ್ತದೆ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಮಾತು ಮಾತ್ರ ಇನ್ನೂ ಪೂರ್ತಿ ಬಂದಿರಲಿಲ್ಲ. ಅಳು ಬಂತು, ಕೋಪ ಬಂತು, ಹೌದು ಇಲ್ಲ ಬಂತು. ಅವಳ ಹಳೆಯ ವಟವಟ ಬರಲಿಲ್ಲ.

ಮೊನ್ನೆ ಒಂದು ಶನಿವಾರ ಪುಣಜನೂರಿನ ಕಡೆ ಆನೆಗಳು ಮರ ಉರುಳಿಸಿ ಲೈನಿನ ಮೇಲೆ ಕೆಡವಿದ್ದವು. ಭಾನುವಾರ ಬೆಳಗ್ಗೆ ಆರಕ್ಕೇ ಕರೆ ಬಂತು. ಎಂಟಕ್ಕೆ ಮುಗಿಯುತ್ತದೆ, ಹತ್ತರ ಬಸ್ಸು ಸಿಗುತ್ತದೆ ಅಂದುಕೊಂಡು ಹೊರಟೆ. ಅಲ್ಲಿ ನೋಡಿದರೆ ಮೂರು ಕಂಬ ಮುರಿದಿವೆ. ಕಾಡಿನ ಅಂಚು, ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಒಂಬತ್ತಾಯಿತು, ಹತ್ತಾಯಿತು. ಕಂಬದ ಮೇಲಿಂದ ಫೋನೆತ್ತಿ ಹಿಡಿದೆ, ಅಲ್ಲೂ ಇಲ್ಲ. ಜೊತೆಯವರ ಮೇಲೆ, ಆನೆಗಳ ಮೇಲೆ, ಅಷ್ಟು ದೂರ ಎಳೆದ ತಂತಿಯ ಮೇಲೆ, ಎಲ್ಲರ ಮೇಲೂ ರೇಗಾಡಿದೆ. ನಾನು ಕೊಟ್ಟ ಒಂದೇ ಒಂದು ಮಾತು ಅದು. ಆ ಮಗು ಗಡಿಯಾರದ ಕೆಳಗೆ ನಿಂತು ಏನೇನು ಅಂದುಕೊಳ್ಳುತ್ತಿದೆಯೋ ಎಂದು ಯೋಚಿಸುತ್ತಲೇ ತಂತಿ ಬಿಗಿದೆ. ಮತ್ತೆ ಬಾಯಿ ಮುಚ್ಚಿಕೊಂಡರೆ ಈ ಸಲ ತೆಗೆಸಲು ನನ್ನ ಬಳಿ ಇನ್ನೇನೂ ಇರಲಿಲ್ಲ.

ಕೆಲಸ ಮುಗಿದು ಜೀಪು ಚಾಮರಾಜನಗರದ ಕಡೆ ಬರುವಾಗ ಹನ್ನೆರಡೂವರೆ. ಸಿಗ್ನಲ್ ಬಂದ ತಕ್ಷಣ ಹದಿನಾಲ್ಕು ಮಿಸ್ಡ್ ಕಾಲ್ ಒಟ್ಟಿಗೆ ಬಿದ್ದವು, ಎಲ್ಲ ಅಜ್ಜಿಯ ಫೋನಿನಿಂದ. ವಾಪಸ್ ಮಾಡುವ ಮೊದಲೇ ಅದೇ ಮತ್ತೆ ಹೊಡೆದುಕೊಂಡಿತು.

"ಎಲ್ಲಿದ್ದೀಯ ಮಾವ ನೀನು? ಅತ್ತು ಗಂಟೆ ಅಂದ್ರೆ ಅತ್ತು ಗಂಟೆ ತಾನೇ? ಮುಂಚೇನೇ ಫೋನ್ ಮಾಡ್ತೀನಿ ಅಂದಿದ್ದಲ್ಲ, ಯಾಕ್ ಮಾಡ್ನಿಲ್ಲ? ಅಜ್ಜಿ ಮಾಡಿದ್ ಮುದ್ದೆ ಆರೋಯ್ತು, ಅಪ್ಪ ಬಸ್‌ಸ್ಟ್ಯಾಂಡ್‌ಗೆ ಎರ್ಡು ಸಲ ಓಗಿ ಬಂತು, ಬೆಕ್ಕು ನಿನ್ ಪಾಲಿನ ಮೊಸ್ರು ಕುಡ್ಕಂಡು ಓಯ್ತು, ನಾನು ಬೆಕ್ಕಿಗೆ ಒಡೀನಿಲ್ಲ, ಬೇಕಂತಲೇ ಒಡೀನಿಲ್ಲ."

ಜೀಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫೋನು ಸ್ಪೀಕರಿನಲ್ಲಿ ಇರಲಿಲ್ಲ, ಅವಳ ಗಂಟಲೇ ಅಷ್ಟಿತ್ತು. ಆನೆ, ಮರ, ಕಂಬ ಎಂದು ಏನೋ ಹೇಳಲು ಹೋದೆ. ಬಾಯಿ ಕಟ್ಟಿಕೊಂಡಿತು.

"ಮಾತಾಡು. ಬಾಯಿಲ್ವಾ ನಿಂಗೆ?" ಅಂದಳು.

"ಬತ್ತಾ ಇವ್ನಿ ಕಣವ್ವ. ಒಂದು ಗಂಟೆ ಬಸ್ಸು."

"ಫೋನ್ ಇಡಬ್ಯಾಡ. ಬರೋಗಂಟ ಇಡಬ್ಯಾಡ."

ಇಡಲಿಲ್ಲ. ಬಸ್ಸು ಹತ್ತಿದೆ, ಟಿಕೆಟ್ಟು ತೆಗೆದುಕೊಂಡೆ, ಫೋನು ಕಿವಿಯಲ್ಲೇ ಇತ್ತು. ಅವಳು ಬೈಯುತ್ತಲೇ ಇದ್ದಳು. ತೆರಕಣಾಂಬಿ ದಾಟಿದ ಮೇಲೂ ಮುಗಿದಿರಲಿಲ್ಲ. ಪಕ್ಕದ ಸೀಟಿನವರು, ಏನ್ರೀ ಅಷ್ಟೊಂದು ಗಲಾಟೆ, ಸ್ವಲ್ಪ ದೂರ ಹಿಡ್ಕಳಿ ಅಂದರು. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.